ಮರೆವಿನ ನಿಯಮಗಳೂ ಮನಶ್ಶಾಸ್ತ್ರದ ಪರೀಕ್ಷೆಯೂ

ಯಾವ ಶಾಸ್ತ್ರವನ್ನೇ ಆಗಲಿ ಕಲಿಯುವಾಗ ಕಲಿಯುವ ವಿಷಯ ಒಂದು, ಕಲಿಯುವ ಸಾಧನ ಇನ್ನೊಂದು. ಭೌತವಿಜ್ಞಾನದ ವಿದ್ಯಾರ್ಥಿ ಲೋಲಕದ ಚಲನೆಯನ್ನು ಅಭ್ಯಾಸಮಾಡುವನು. ಆದರೆ ಲೋಲಕದ ನಿಯಮಗಳು ಅವನ ಓದನ್ನು ಹಗುರಮಾಡುವುದಿಲ್ಲ. ರಸಾಯನಶಾಸ್ತ್ರವನ್ನು ಓದುವವನಿಗೆ ಆಮ್ಲ ಪ್ರತ್ಯಾಮ್ಲಗಳ ಗುಣಗಳು ತಿಳಿದಿದ್ದರೂ ಅವುಗಳಿಂದ ಅವನ ಜ್ಞಾಪಕಶಕ್ತಿ ಹೆಚ್ಚುವುದಿಲ್ಲ. ಮನಶ್ಶಾಸ್ತ್ರ ಒಂದು ಮಾತ್ರ ಇದಕ್ಕೆ ಹೊರತು. ನೆನಪು, ಮರೆವು, ಅವಧಾನ, ಅಭ್ಯಾಸ, ಆತಂಕ, ನಿದ್ರೆ ಇವೆಲ್ಲ ಆ ಶಾಸ್ತ್ರದ ಅಧ್ಯಾಯಗಳು. ಅವೇ ಅದನ್ನು ಓದುವ ವಿದ್ಯಾರ್ಥಿಯ ಮನಸ್ಸಿನ ವ್ಯಾಪಾರಗಳೂ ಹೌದು. ಹೀಗಿದ್ದರೂ ಮರೆವಿನ ಅಧ್ಯಾಯವನ್ನು ಓದಿ, ಅದು ಹೇಳಿದುದಕ್ಕೆ ತೀರ ವಿರುದ್ಧವಾದ ರೀತಿಯಲ್ಲಿ ಆ ಅಧ್ಯಾಯವನ್ನೇ ಕಂಠಪಾಠಮಾಡಿ, ಪರೀಕ್ಷೆಯ ಹೊತ್ತಿಗೆ ಅದನ್ನು ಮರೆತುಬಿಡುವ ವಿದ್ಯಾರ್ಥಿಗಳು ಎಲ್ಲ ದೇಶಗಳಲ್ಲಿಯೂ ಇದ್ದಾರೆ. ಇದು ಹೇಗೆ ಸಂಭವಿಸುವುದು, ಇದನ್ನು ತಪ್ಪಿಸಲು ಏನು ಮಾಡಬೇಕು ಎಂಬುದನ್ನು ಒಂದು ನಿಜವಾದ ಪರೀಕ್ಷೆಯನ್ನು ಎದುರಿಗಿಟ್ಟುಕೊಂಡು ವಿಚಾರಮಾಡೋಣ.

ಪರೀಕ್ಷೆಯ ಸ್ವರೂಪ

ಅಮೆರಿಕದ ಸಂಯುಕ್ತ ಸಂಸ್ಥಾನಗಳ ಪ್ರೌಢಶಾಲೆಗಳಲ್ಲಿ ‘ಅಡ್ವಾನ್ಸ್ಡ್ ಪ್ಲೇಸ್‌ಮೆಂಟ್’ ಎಂಬ ಹೆಸರಿನ ಪಾಠಕ್ರಮಗಳು ನಡೆಯುವುವು. ಕಾಲೇಜಿನ ಮೊದಲ ವರ್ಷದಲ್ಲಿ ಕಲಿಯಬೇಕಾದುದನ್ನು ಶಾಲೆಯಲ್ಲಿಯೇ ಕಲಿತು, ಮೇ ತಿಂಗಳಲ್ಲಿ ನಡೆಯುವ ಪರೀಕ್ಷೆಗೆ ಕುಳಿತುಕೊಳ್ಳುವುದು ಇವುಗಳ ಉದ್ದೇಶ. ‘ಕಾಲೇಜ್ ಬೋರ್ಡ್’ ಎಂಬ ಸಂಸ್ಥೆ ಇವನ್ನು ನಡೆಸುತ್ತದೆ. ಮನಶ್ಶಾಸ್ತ್ರದ ಪರೀಕ್ಷೆ ಇವುಗಳಲ್ಲಿ ೧೯೯೨ರಲ್ಲಿ ಮೊದಲಾಯಿತು. ಒಂದರಿಂದ ಐದರವರೆಗೆ ಅಂಕ ಕೊಡುವರು. ಮೂರು ಅಥವಾ ಅದಕ್ಕಿಂತ ಹೆಚ್ಚು ಬಂದವರಿಗೆ ಅನೇಕ ಕಾಲೇಜುಗಳು ಒಂದು ವಿಷಯವನ್ನು ಮುಗಿಸಿದ ಮನ್ನಣೆ ಕೊಡುವುವು. ಕೆಲವು ಕಾಲೇಜುಗಳು ನಾಲ್ಕು ಐದನ್ನೇ ಕೇಳುವುದುಂಟು. ಅಲ್ಲಿಯ ಕಾಲೇಜುಗಳ ಶುಲ್ಕ ಎಷ್ಟೆಂಬುದನ್ನು ಬಲ್ಲ ತಂದೆತಾಯಿಗಳಿಗೆ ಈ ಮನ್ನಣೆಯ ಬೆಲೆ ಗೊತ್ತು. ಆ ದೇಶದಲ್ಲಿ ನೆಲಸಿರುವ ಕನ್ನಡಿಗರ ಮಕ್ಕಳೂ ಈ ಪರೀಕ್ಷೆಗೆ ಕುಳಿತುಕೊಳ್ಳುತ್ತಾರೆ.

೨೦೨೪-೨೫ರ ಶಾಲಾವರ್ಷದಲ್ಲಿ ಈ ಪಾಠಕ್ರಮವನ್ನು ಹೊಸದಾಗಿ ರಚಿಸಿದರು. ಈಗ ಅದರಲ್ಲಿ ಐದು ಭಾಗಗಳಿವೆ: ನಡವಳಿಕೆಯ ಜೈವಿಕ ಆಧಾರಗಳು, ಗ್ರಹಿಕೆ, ಆಲೋಚನೆ, ಸ್ಮೃತಿ ಮೊದಲಾದ ಜ್ಞಾನವ್ಯಾಪಾರಗಳು, ಬೆಳವಣಿಗೆ ಮತ್ತು ಕಲಿಕೆ, ಸಾಮಾಜಿಕ ಮನಶ್ಶಾಸ್ತ್ರ ಮತ್ತು ವ್ಯಕ್ತಿತ್ವ, ಮಾನಸಿಕ ಮತ್ತು ದೈಹಿಕ ಆರೋಗ್ಯ. ಪರೀಕ್ಷೆಯ ಮೊದಲನೆಯ ಪಾಲಿನಲ್ಲಿ ೭೫ ಪ್ರಶ್ನೆಗಳು. ಪ್ರತಿಯೊಂದಕ್ಕೂ ನಾಲ್ಕು ಉತ್ತರಗಳನ್ನು ಕೊಟ್ಟಿರುವರು, ಸರಿಯಾದುದನ್ನು ಆರಿಸಬೇಕು. ಕಾಲ ೯೦ ನಿಮಿಷ. ಎಂದರೆ ಒಂದು ಪ್ರಶ್ನೆಗೆ ಒಂದು ನಿಮಿಷ ಹನ್ನೆರಡು ಸೆಕೆಂಡು. ತಪ್ಪು ಉತ್ತರಕ್ಕೆ ಅಂಕವನ್ನು ಕಳೆಯುವುದಿಲ್ಲವಾದುದರಿಂದ ಯಾವ ಪ್ರಶ್ನೆಯನ್ನೂ ಖಾಲಿ ಬಿಡಬೇಕಾಗಿಲ್ಲ. ಎರಡನೆಯ ಪಾಲಿನಲ್ಲಿ ಎರಡೇ ಪ್ರಶ್ನೆಗಳು, ಕಾಲ ೭೦ ನಿಮಿಷ. ಮೊದಲನೆಯದರಲ್ಲಿ ಒಂದು ಸಂಶೋಧನೆಯ ಸಾರಾಂಶವನ್ನು ಕೊಟ್ಟು ಅದನ್ನು ವಿಶ್ಲೇಷಿಸಲು ಹೇಳುವರು. ಎರಡನೆಯದರಲ್ಲಿ ಮೂರು ಸಂಶೋಧನೆಗಳ ಸಾರಾಂಶಗಳನ್ನು ಕೊಟ್ಟು, ಒಂದು ವಾದವನ್ನು ಮಂಡಿಸಿ, ಅವುಗಳಿಂದಲೇ ಆಧಾರವನ್ನು ಎತ್ತಿ ತೋರಿಸಬೇಕೆಂದು ಕೇಳುವರು. ಒಟ್ಟು ಅಂಕಗಳಲ್ಲಿ ಮೂರರಲ್ಲಿ ಎರಡು ಪಾಲು ಮೊದಲನೆಯ ಭಾಗಕ್ಕೆ, ಒಂದು ಪಾಲು ಎರಡನೆಯ ಭಾಗಕ್ಕೆ. ೨೦೨೫ರಿಂದ ಇಡೀ ಪರೀಕ್ಷೆ ಗಣಕಯಂತ್ರದ ಮೇಲೆಯೇ ನಡೆಯುತ್ತದೆ.

ಈ ವಿವರಗಳನ್ನು ಗಮನಿಸಿದರೆ ಒಂದು ಮಾತು ಸ್ಪಷ್ಟವಾಗುವುದು. ವಿದ್ಯಾರ್ಥಿಗೆ ಎರಡು ಬಗೆಯ ಸಾಮರ್ಥ್ಯ ಬೇಕು. ಹಲವು ನೂರು ಪಾರಿಭಾಷಿಕ ಪದಗಳು ನೆನಪಿನಲ್ಲಿದ್ದು ಬೇಕಾದ ಗಳಿಗೆಯಲ್ಲಿ ಒದಗಿ ಬರಬೇಕು. ಹಿಂದೆಂದೂ ಕಾಣದ ಪ್ರಯೋಗವನ್ನು ಓದಿ ಅದರ ಅಂಗಾಂಗಗಳನ್ನು ಬಿಡಿಸಿ ತೋರಿಸಲು ಬರಬೇಕು. ಮೊದಲು ನೆನಪಿನ ವಿಚಾರವನ್ನು ನೋಡೋಣ.

ಮರೆವನ್ನು ಅಳೆದವನು

ಮರೆವನ್ನು ಮೊಟ್ಟಮೊದಲಿಗೆ ಅಳತೆಗೆ ಒಳಪಡಿಸಿದವನು ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್. ಅವನ ಗ್ರಂಥ ೧೮೮೫ರಲ್ಲಿ ಪ್ರಕಟವಾಯಿತು. ಅವನ ಪ್ರಯೋಗಶಾಲೆಯಲ್ಲಿ ಉಪಕರಣಗಳು ಬಹಳ ಇರಲಿಲ್ಲ. ಪ್ರಯೋಗಕ್ಕೆ ಒಳಪಟ್ಟ ವ್ಯಕ್ತಿಯೂ ಒಬ್ಬನೇ, ಅವನೇ. ಅರ್ಥವುಳ್ಳ ಪದಗಳಾದರೆ ಹಿಂದಿನ ಪರಿಚಯ ನೆರವಿಗೆ ಬಂದು ಅಳತೆ ಕೆಡುವುದೆಂದು ಅವನು ಅರ್ಥವಿಲ್ಲದ ಸುಮಾರು ೨೩೦೦ ಅಕ್ಷರಗುಚ್ಛಗಳನ್ನು ರಚಿಸಿಕೊಂಡನು. ಅವುಗಳ ಪಟ್ಟಿಗಳನ್ನು ತಪ್ಪಿಲ್ಲದೆ ಒಪ್ಪಿಸುವವರೆಗೆ ಬಾಯಿಪಾಠಮಾಡಿ, ಒಂದು ಅವಧಿ ಕಳೆದಮೇಲೆ ಅದೇ ಪಟ್ಟಿಯನ್ನು ಮತ್ತೆ ಕಲಿಯುತ್ತಿದ್ದನು.

ಅವನು ಅಳೆದುದು ‘ಉಳಿತಾಯ’ವನ್ನು. ಒಂದು ಪಟ್ಟಿಯನ್ನು ಮೊದಲು ಕಲಿಯಲು ನೂರು ಪಾಲು ಕಾಲ ಹಿಡಿದು, ಎರಡನೆಯ ಸಲ ಕಲಿಯಲು ಅರವತ್ತು ಪಾಲು ಸಾಕಾದರೆ, ಉಳಿದುದು ನಲವತ್ತು. ಅಷ್ಟು ಮಟ್ಟಿಗೆ ನೆನಪು ಮನಸ್ಸಿನಲ್ಲಿ ಇನ್ನೂ ಇತ್ತೆಂದು ಲೆಕ್ಕ. ಒಂದು ಸಾಲನ್ನೂ ನೆನಪಿಸಿಕೊಳ್ಳಲಾರದ ಸ್ಥಿತಿಯಲ್ಲಿಯೂ ಹಳೆಯ ಕಲಿಕೆಯ ಅವಶೇಷವನ್ನು ಈ ವಿಧಾನದಿಂದ ಪತ್ತೆಮಾಡಬಹುದಾಗಿದೆ. ಅವನಿಗೆ ದೊರೆತ ಫಲಿತಾಂಶಗಳು ಸ್ಥೂಲವಾಗಿ ಹೀಗಿವೆ:

ಸುಮಾರು ೨೦ ನಿಮಿಷಗಳ ಮೇಲೆ — ಶೇಕಡ ೫೮
ಸುಮಾರು ೧ ಗಂಟೆಯ ಮೇಲೆ — ಶೇಕಡ ೪೪
ಸುಮಾರು ೯ ಗಂಟೆಗಳ ಮೇಲೆ — ಶೇಕಡ ೩೬
೧ ದಿನದ ಮೇಲೆ — ಶೇಕಡ ೩೪
೨ ದಿನಗಳ ಮೇಲೆ — ಶೇಕಡ ೨೮
೬ ದಿನಗಳ ಮೇಲೆ — ಶೇಕಡ ೨೫
೩೧ ದಿನಗಳ ಮೇಲೆ — ಶೇಕಡ ೨೧

ಒಬ್ಬನೇ ತನ್ನ ಮೇಲೆ ಮಾಡಿಕೊಂಡ ಪ್ರಯೋಗವನ್ನು ಎಷ್ಟರ ಮಟ್ಟಿಗೆ ನಂಬಬಹುದೆಂಬ ಸಂದೇಹ ಸಹಜ. ಆದರೆ ನೂರಮೂವತ್ತು ವರ್ಷಗಳ ತರುವಾಯ, ೨೦೧೫ರಲ್ಲಿ, ನೆದರ್‌ಲೆಂಡ್ಸ್‌ನ ಮುರ್ರೆ ಮತ್ತು ಡ್ರೋಸ್ ಎಂಬುವರು ಅದೇ ವಿಧಾನವನ್ನು ಅನುಸರಿಸಿ ಪ್ರಯೋಗಮಾಡಿದಾಗ ಬಹುಮಟ್ಟಿಗೆ ಅದೇ ಆಕಾರದ ವಕ್ರರೇಖೆ ದೊರೆಯಿತು.

ಮರೆವು ವಿಕಿರಣಕ್ಷಯದಂತಲ್ಲ

ಭೌತವಿಜ್ಞಾನವನ್ನು ಬೋಧಿಸುವವರಿಗೆ ಈ ವಕ್ರರೇಖೆಯನ್ನು ಕಂಡೊಡನೆ ರೇಡಿಯಂನಂಥ ಧಾತುಗಳ ಕ್ಷಯದ ನೆನಪಾಗುವುದು. ಅಲ್ಲಿಯೂ ಮೊದಲು ವೇಗವಾದ ಇಳಿತ, ಆಮೇಲೆ ನಿಧಾನ. ಹಾಗಾದರೆ ನೆನಪಿಗೂ ಒಂದು ಅರ್ಧಾಯು ಇದೆಯೆ? ಲೆಕ್ಕಮಾಡಿ ನೋಡಬಹುದು. ವಿಕಿರಣಕ್ಷಯದಲ್ಲಿ ಸಮಾನ ಅವಧಿಗಳಲ್ಲಿ ಸಮಾನ ಅನುಪಾತ ಕಳೆದುಹೋಗುವುದು. ೨೦ ನಿಮಿಷಗಳಲ್ಲಿ ನೂರು ೫೮ಕ್ಕೆ ಇಳಿದರೆ, ಇನ್ನು ೨೦ ನಿಮಿಷಗಳಲ್ಲಿ ಆ ೫೮ರಲ್ಲಿ ಮತ್ತೆ ಶೇಕಡ ೫೮ ಮಾತ್ರ, ಎಂದರೆ ಸುಮಾರು ೩೪ ಉಳಿಯಬೇಕು. ಒಂದು ಗಂಟೆಗೆ ಸುಮಾರು ೨೦. ಒಂಬತ್ತು ಗಂಟೆಗಳಲ್ಲಿ ಇಂಥ ೨೭ ಅವಧಿಗಳು ಕಳೆಯುವುದರಿಂದ ಮೂಲದ ಹತ್ತು ಲಕ್ಷದಲ್ಲಿ ಒಂದಂಶವೂ ಉಳಿಯಬಾರದು. ಆದರೆ ಎಬ್ಬಿಂಗ್‌ಹೌಸನಿಗೆ ಒಂದು ಗಂಟೆಗೆ ೪೪, ಒಂಬತ್ತು ಗಂಟೆಗೆ ೩೬ ಉಳಿದಿತ್ತು. ಒಂದು ತಿಂಗಳಾದ ಮೇಲೆಯೂ ಐದರಲ್ಲೊಂದು ಪಾಲು ಉಳಿದಿತ್ತು.

ಆದುದರಿಂದ ಮರೆವು ಸಾಧಾರಣ ಕ್ಷಯವಲ್ಲ. ರೇಡಿಯಂ ಪರಮಾಣುವಿಗೆ ವಯಸ್ಸಿಲ್ಲ. ಸಾವಿರ ವರ್ಷದಿಂದ ಇದ್ದ ಪರಮಾಣುವಿಗೂ ಈಗತಾನೆ ಹುಟ್ಟಿದ ಪರಮಾಣುವಿಗೂ ಮುಂದಿನ ಗಳಿಗೆಯಲ್ಲಿ ಒಡೆಯುವ ಸಂಭವ ಒಂದೇ. ನೆನಪಿಗೆ ವಯಸ್ಸುಂಟು. ಅದು ಹಳೆಯದಾದಷ್ಟೂ ಗಟ್ಟಿಯಾಗುವುದು. ಸಮಾನ ಬಲವುಳ್ಳ ಎರಡು ನೆನಪುಗಳಲ್ಲಿ ಹಳೆಯದು ನಿಧಾನವಾಗಿ ಮರೆಯುವುದೆಂಬ ನಿಯಮವನ್ನು ಯೋಸ್ಟ್ ಎಂಬ ಸಂಶೋಧಕನು ೧೮೯೭ರಲ್ಲಿಯೇ ಹೇಳಿದ್ದಾನೆ. ಇದರಿಂದ ವಿದ್ಯಾರ್ಥಿಗೆ ದೊರೆಯುವ ಪಾಠ ಸರಳವಾದುದು. ಪರೀಕ್ಷೆಯ ಹಿಂದಿನ ರಾತ್ರಿ ತುಂಬಿಕೊಂಡುದು ವಕ್ರರೇಖೆಯ ಕಡಿದಾದ ಭಾಗದಲ್ಲಿ ನಿಂತಿರುವುದು; ಎರಡು ತಿಂಗಳ ಹಿಂದೆ ಕಲಿತು ನಡುನಡುವೆ ನವೀಕರಿಸಿದುದು ಸಮತಟ್ಟಾದ ಭಾಗದಲ್ಲಿ ನಿಂತಿರುವುದು.

ಎಡೆಬಿಟ್ಟು ಓದುವುದು

ಎಬ್ಬಿಂಗ್‌ಹೌಸ್ ಇನ್ನೊಂದು ಸಂಗತಿಯನ್ನೂ ಕಂಡುಕೊಂಡನು. ಹನ್ನೆರಡು ಅಕ್ಷರಗುಚ್ಛಗಳ ಪಟ್ಟಿಯನ್ನು ಒಂದೇ ದಿನ ೬೮ ಸಲ ಓದಿದುದರಿಂದ ಮರುದಿನ ದೊರೆತ ಪ್ರಯೋಜನವು, ಅದನ್ನು ಮೂರು ದಿನಗಳ ಮೇಲೆ ಹಂಚಿ ಬರಿಯ ೩೮ ಸಲ ಓದಿದಾಗಲೂ ದೊರೆಯಿತು. ಶ್ರಮದಲ್ಲಿ ನೂರಕ್ಕೆ ನಲವತ್ತಕ್ಕಿಂತ ಹೆಚ್ಚು ಉಳಿತಾಯ. ಎಡೆಬಿಟ್ಟು ಮಾಡಿದ ಅಭ್ಯಾಸ ಒಟ್ಟಿಗೆ ಮಾಡಿದ ಅಭ್ಯಾಸಕ್ಕಿಂತ ಮೇಲೆಂಬುದು ಆ ಬಳಿಕ ನೂರಾರು ಪ್ರಯೋಗಗಳಲ್ಲಿ ಸಿದ್ಧಪಟ್ಟಿದೆ.

ಎಡೆ ಎಷ್ಟಿರಬೇಕು? ೨೦೦೮ರಲ್ಲಿ ಸೆಪೀಡ ಮತ್ತು ಸಂಗಡಿಗರು ೧೩೫೦ಕ್ಕೂ ಹೆಚ್ಚು ಮಂದಿಯನ್ನು ಪರೀಕ್ಷಿಸಿ ಇದಕ್ಕೆ ಉತ್ತರ ಹುಡುಕಿದರು. ಕಲಿತುದನ್ನು ಒಂದು ಸಲ ಪುನರಾವರ್ತನೆ ಮಾಡಿ, ಅದಾದ ಒಂದು ವಾರಕ್ಕೆ ಪರೀಕ್ಷೆಯಿದ್ದರೆ, ಎರಡು ಓದುಗಳ ನಡುವೆ ಒಂದು ದಿನದ ಎಡೆ ಒಳ್ಳೆಯದು; ೩೫ ದಿನಗಳಿಗೆ ಪರೀಕ್ಷೆಯಿದ್ದರೆ ಸುಮಾರು ೧೧ ದಿನ; ೩೫೦ ದಿನಗಳಿಗಾದರೆ ಸುಮಾರು ಮೂರು ವಾರ. ಎಂದರೆ ಎಷ್ಟು ದೂರದವರೆಗೆ ನೆನಪು ಬೇಕೋ ಅದಕ್ಕೆ ತಕ್ಕಂತೆ ಎಡೆಯೂ ಹಿಗ್ಗಬೇಕು. ಈ ದಿನಗಳನ್ನು ಪಂಚಾಂಗದಂತೆ ಕಟ್ಟುನಿಟ್ಟಾಗಿ ಹಿಡಿಯಬೇಕಾಗಿಲ್ಲ. ಸ್ವಲ್ಪ ಮರೆಯತೊಡಗಿದ ಮೇಲೆ ಮತ್ತೆ ಕೈಗೆತ್ತಿಕೊಳ್ಳಬೇಕೆಂಬ ತತ್ತ್ವವನ್ನು ಹಿಡಿದರೆ ಸಾಕು.

ಓದುವುದೂ ನೆನಪಿಸಿಕೊಳ್ಳುವುದೂ

ಎಡೆಬಿಟ್ಟು ಏನು ಮಾಡಬೇಕು? ಮತ್ತೆ ಓದಬೇಕೆ? ಇಲ್ಲಿಯೇ ಬಹು ಮಂದಿ ದಾರಿ ತಪ್ಪುವುದು. ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕ್ ಎಂಬ ಮನಶ್ಶಾಸ್ತ್ರಜ್ಞರು ೨೦೦೬ರಲ್ಲಿ ಪ್ರಕಟಿಸಿದ ಪ್ರಯೋಗವನ್ನು ಪ್ರತಿಯೊಬ್ಬ ವಿದ್ಯಾರ್ಥಿಯೂ ತಿಳಿದಿರತಕ್ಕದ್ದು. ಅವರು ಕಾಲೇಜು ವಿದ್ಯಾರ್ಥಿಗಳಿಗೆ ಒಂದು ಸಣ್ಣ ಗದ್ಯಭಾಗವನ್ನು ಕೊಟ್ಟರು. ಒಂದು ಗುಂಪು ಅದನ್ನು ನಾಲ್ಕು ಅವಧಿಗಳಲ್ಲಿಯೂ ಓದಿತು. ಇನ್ನೊಂದು ಗುಂಪು ಮೊದಲನೆಯ ಅವಧಿಯಲ್ಲಿ ಮಾತ್ರ ಓದಿ, ಉಳಿದ ಮೂರರಲ್ಲಿ ಹಾಳೆಯನ್ನು ನೋಡದೆ ನೆನಪಿದ್ದಷ್ಟನ್ನು ಬರೆಯಿತು. ಐದು ನಿಮಿಷಗಳ ಬಳಿಕ ಪರೀಕ್ಷಿಸಿದಾಗ ಬರಿಯ ಓದಿದವರು ಶೇಕಡ ೮೩ರಷ್ಟನ್ನು, ಬರೆದು ನೋಡಿದವರು ೭೧ರಷ್ಟನ್ನು ಹೇಳಿದರು. ಓದಿದವರದೇ ಗೆಲುವು. ಆದರೆ ಒಂದು ವಾರದ ಬಳಿಕ ಪರೀಕ್ಷಿಸಿದವರಲ್ಲಿ ಓದಿದವರಿಗೆ ಉಳಿದುದು ೪೦, ಬರೆದು ನೋಡಿದವರಿಗೆ ಉಳಿದುದು ೬೧.

ಇದಕ್ಕಿಂತಲೂ ಹೆಚ್ಚು ಗಮನಾರ್ಹವಾದುದು ಇನ್ನೊಂದಿದೆ. ಒಂದು ವಾರದ ಮೇಲೆ ಎಷ್ಟು ನೆನಪಿರುವುದೆಂದು ಅವರವರನ್ನೇ ಮೊದಲು ಕೇಳಿದಾಗ, ಹೆಚ್ಚು ಭರವಸೆಯಿಂದ ಉತ್ತರಕೊಟ್ಟವರು ನಾಲ್ಕು ಸಲ ಓದಿದವರು. ಮತ್ತೆ ಮತ್ತೆ ಓದಿದ ಪುಟ ಕಣ್ಣಿಗೆ ಸಲೀಸಾಗಿ ಹರಿಯುವುದು. ಆ ಸಲೀಸನ್ನೇ ಮನಸ್ಸು ‘ನನಗೆ ಬರುತ್ತದೆ’ ಎಂದು ಭ್ರಮಿಸುವುದು. ಗುರುತಿಸುವುದು ಬೇರೆ, ನೆನಪಿಸಿಕೊಳ್ಳುವುದು ಬೇರೆ. ಸಂತೆಯಲ್ಲಿ ಕಂಡ ಮುಖವನ್ನು ಗುರುತಿಸುವುದು ಸುಲಭ. ಕಣ್ಣುಮುಚ್ಚಿ ಆ ಮುಖವನ್ನು ಬರೆದು ತೋರಿಸೆಂದರೆ ಕಷ್ಟ. ಕಷ್ಟಪಟ್ಟು ಓದಿಯೂ ಪರೀಕ್ಷೆಯಲ್ಲಿ ಸೋತ ಹುಡುಗ ಅಥವಾ ಹುಡುಗಿ ‘ನನ್ನ ತಲೆಯೇ ಮಂದ’ ಎಂದು ನಿರ್ಧರಿಸಿಬಿಡುವುದು ನಿತ್ಯ ಕಾಣುವ ಸಂಗತಿ. ಎಷ್ಟೋ ವೇಳೆ ಮಂದವಾಗಿದ್ದುದು ತಲೆಯಲ್ಲ, ಓದಿನ ವಿಧಾನ. ಈ ಭೇದವನ್ನು ತಂದೆತಾಯಿಗಳೂ ಅಧ್ಯಾಪಕರೂ ತಿಳಿದುಕೊಂಡರೆ ಎಷ್ಟೋ ಮಕ್ಕಳು ತಮ್ಮ ಮೇಲೆ ತಾವೇ ಕೊಟ್ಟುಕೊಳ್ಳುವ ತಪ್ಪು ತೀರ್ಪಿನಿಂದ ಪಾರಾಗುವರು.

೨೦೧೩ರಲ್ಲಿ ಡನ್‌ಲಾಸ್ಕಿ ಮತ್ತು ಅವರ ಜೊತೆಯವರು ಹತ್ತು ಬಗೆಯ ಅಧ್ಯಯನ ವಿಧಾನಗಳನ್ನು ಅಂದಿನವರೆಗಿನ ಸಂಶೋಧನೆಗಳ ಒರೆಗೆ ಹಚ್ಚಿ ನೋಡಿದರು. ಸಾಲುಗಳ ಕೆಳಗೆ ಗೆರೆ ಎಳೆಯುವುದು, ಬಣ್ಣ ಹಚ್ಚುವುದು, ಮತ್ತೆ ಮತ್ತೆ ಓದುವುದು ಇವು ಕೆಳದರ್ಜೆಗೆ ಸೇರಿದುವು. ಮೇಲು ದರ್ಜೆ ದೊರೆತುದು ಎರಡಕ್ಕೆ ಮಾತ್ರ: ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುವುದು ಮತ್ತು ಎಡೆಬಿಟ್ಟು ಅಭ್ಯಾಸಮಾಡುವುದು. ನಮ್ಮ ಹಿರಿಯರು ಸಂಜೆಯ ದೀಪ ಹಚ್ಚಿದ ಮೇಲೆ ಮಕ್ಕಳಿಂದ ಮಗ್ಗಿ ಒಪ್ಪಿಸಿಕೊಳ್ಳುತ್ತಿದ್ದುದರಲ್ಲಿ ಈ ಎರಡೂ ಇದ್ದುವೆಂಬುದನ್ನು ಮರೆಯಬಾರದು. ಪುಸ್ತಕ ಮುಚ್ಚಿ ಒಪ್ಪಿಸಬೇಕಾಗಿತ್ತು, ದಿನವೂ ಒಪ್ಪಿಸಬೇಕಾಗಿತ್ತು. ಅದರ ಕೊರತೆ ಇದ್ದುದು ಅರ್ಥವನ್ನು ಕೇಳದೆ ಬಿಡುತ್ತಿದ್ದುದರಲ್ಲಿ.

ಅವಳಿ ಪದಗಳ ತೊಡಕು

ಮನಶ್ಶಾಸ್ತ್ರದ ಪರೀಕ್ಷೆಯಲ್ಲಿ ವಿದ್ಯಾರ್ಥಿಯನ್ನು ಎಡವಿಸುವುದು ಅಪರಿಚಿತ ಪದಗಳಲ್ಲ; ಒಂದನ್ನೊಂದು ಹೋಲುವ ಅವಳಿ ಪದಗಳು. ಕೆಲವನ್ನು ನೋಡೋಣ.

ಋಣಾತ್ಮಕ ಪುನರ್ಬಲನ ಮತ್ತು ಶಿಕ್ಷೆ. ಇವೆರಡೂ ಒಂದೇ ಎಂದು ಅನೇಕರು ಭಾವಿಸುವರು. ವಾಸ್ತವದಲ್ಲಿ ಅವು ಪರಸ್ಪರ ವಿರುದ್ಧ. ಕಾರಿನಲ್ಲಿ ಕುಳಿತು ರಕ್ಷಣಾಪಟ್ಟಿ ಕಟ್ಟಿಕೊಳ್ಳದಿದ್ದರೆ ಒಂದು ಕರ್ಕಶ ಶಬ್ದ ಬರುತ್ತಲೇ ಇರುವುದು, ಕಟ್ಟಿಕೊಂಡೊಡನೆ ನಿಲ್ಲುವುದು. ಅಹಿತವಾದುದೊಂದು ತೊಲಗಿದುದರಿಂದ ಪಟ್ಟಿ ಕಟ್ಟಿಕೊಳ್ಳುವ ನಡವಳಿಕೆ ಬಲಗೊಂಡಿತು. ಇದು ಋಣಾತ್ಮಕ ಪುನರ್ಬಲನ. ಶಿಕ್ಷೆಯಾದರೋ ನಡವಳಿಕೆಯನ್ನು ಕುಗ್ಗಿಸುವುದು. ಇಲ್ಲಿ ‘ಋಣ’ ಎಂದರೆ ಕೆಟ್ಟದೆಂದಲ್ಲ, ಕಳೆಯುವುದೆಂದು ಅರ್ಥ. ವಿದ್ಯುತ್ತಿನ ಋಣ ಧನಗಳಲ್ಲಿ ಒಳ್ಳೆಯದು ಕೆಟ್ಟದೆಂಬುದು ಹೇಗಿಲ್ಲವೋ ಹಾಗೆ.

ಯಾದೃಚ್ಛಿಕ ಆಯ್ಕೆ ಮತ್ತು ಯಾದೃಚ್ಛಿಕ ಹಂಚಿಕೆ. ಊರಿನ ಎಲ್ಲ ಜನರಲ್ಲಿ ಯಾರನ್ನು ಪ್ರಯೋಗಕ್ಕೆ ಕರೆಯಬೇಕೆಂದು ಚೀಟಿ ಎತ್ತುವುದು ಆಯ್ಕೆ. ಬಂದವರಲ್ಲಿ ಯಾರು ಯಾವ ಗುಂಪಿಗೆ ಎಂದು ಚೀಟಿ ಎತ್ತುವುದು ಹಂಚಿಕೆ. ಮೊದಲನೆಯದು ಫಲಿತಾಂಶವನ್ನು ಊರಿಗೆಲ್ಲ ಅನ್ವಯಿಸುವ ಹಕ್ಕನ್ನು ಕೊಡುವುದು. ಎರಡನೆಯದು ‘ಇದರಿಂದಲೇ ಅದು ಆಯಿತು’ ಎಂದು ಕಾರಣವನ್ನು ಹೇಳುವ ಹಕ್ಕನ್ನು ಕೊಡುವುದು.

ಮರೆವಿನಲ್ಲಿಯೂ ಇಂಥ ಜೋಡಿಯುಂಟು. ಹಳೆಯ ಕಲಿಕೆ ಹೊಸದಕ್ಕೆ ಅಡ್ಡಿಬರಬಹುದು. ಹೊಸ ಕಲಿಕೆ ಹಳೆಯದಕ್ಕೆ ಅಡ್ಡಿಬರಬಹುದು. ಮನೆ ಬದಲಾಯಿಸಿದವನು ಹೊಸ ವಿಳಾಸ ಬರೆಯುವಲ್ಲಿ ಹಳೆಯದನ್ನು ಬರೆದರೆ ಮೊದಲನೆಯದು. ಕೆಲವು ವರ್ಷಗಳ ಮೇಲೆ ಹಳೆಯ ವಿಳಾಸವನ್ನು ಕೇಳಿದರೆ ಹೊಸದೇ ನಾಲಗೆಗೆ ಬಂದರೆ ಎರಡನೆಯದು.

ಇಂಥ ಅವಳಿಗಳನ್ನು ಬೇರೆ ಬೇರೆ ದಿನಗಳಲ್ಲಿ ಒಂಟಿಯಾಗಿ ಓದಿದರೆ ಅವುಗಳ ಭೇದ ಮನಸ್ಸಿಗೆ ಹತ್ತುವುದಿಲ್ಲ. ಅವನ್ನು ಅಕ್ಕಪಕ್ಕದಲ್ಲಿಟ್ಟು, ಬೆರಸಿ ಅಭ್ಯಾಸಮಾಡಬೇಕು. ೨೦೦೭ರಲ್ಲಿ ರೋರರ್ ಮತ್ತು ಟೇಲರ್ ಎಂಬುವರು ಗಣಿತದಲ್ಲಿ ಇದನ್ನು ಪರೀಕ್ಷಿಸಿದರು. ನಾಲ್ಕು ಬಗೆಯ ಘನಾಕೃತಿಗಳ ಗಾತ್ರವನ್ನು ಕಂಡುಹಿಡಿಯುವುದನ್ನು ಒಂದು ಗುಂಪಿಗೆ ಒಂದೊಂದು ಬಗೆಯನ್ನು ಮುಗಿಸುತ್ತಾ ಕಲಿಸಿದರು. ಇನ್ನೊಂದು ಗುಂಪಿಗೆ ಲೆಕ್ಕಗಳನ್ನು ಬೆರಸಿ ಕೊಟ್ಟರು. ಅಭ್ಯಾಸದ ಹೊತ್ತಿನಲ್ಲಿ ಮೊದಲನೆಯ ಗುಂಪು ಶೇಕಡ ೮೯, ಎರಡನೆಯದು ೬೦ ಸರಿಮಾಡಿತು. ಒಂದು ವಾರದ ಬಳಿಕ ಪರೀಕ್ಷೆಯಲ್ಲಿ ಮೊದಲನೆಯ ಗುಂಪು ಶೇಕಡ ೨೦ಕ್ಕೆ ಇಳಿಯಿತು; ಎರಡನೆಯದು ೬೩ರಲ್ಲಿ ನಿಂತಿತು. ಯಾವ ಸೂತ್ರವನ್ನು ಎಲ್ಲಿ ಹಚ್ಚಬೇಕೆಂಬುದನ್ನು ಕಲಿತವರು ಬೆರಕೆ ಲೆಕ್ಕ ಮಾಡಿದವರು ಮಾತ್ರ. ಇಲ್ಲಿಯೂ ಅಭ್ಯಾಸದ ಹೊತ್ತಿನ ಸುಖ ಮೋಸಮಾಡಿತೆಂಬುದನ್ನು ಗಮನಿಸಬೇಕು.

ಪ್ರಯೋಗವನ್ನು ಬಿಡಿಸಿ ನೋಡುವುದು

ಇನ್ನು ಪರೀಕ್ಷೆಯ ಎರಡನೆಯ ಪಾಲಿಗೆ ಬರೋಣ. ಇದಕ್ಕೆ ಬಾಯಿಪಾಠ ಸಾಲದು. ಪ್ರಸಿದ್ಧವಾದ ಒಂದು ಪ್ರಯೋಗವನ್ನು ತೆಗೆದುಕೊಂಡು ಅದನ್ನು ಹೇಗೆ ಓದಬೇಕೆಂಬುದನ್ನು ತಿಳಿಯೋಣ.

೧೯೭೪ರಲ್ಲಿ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ ೪೫ ಮಂದಿ ವಿದ್ಯಾರ್ಥಿಗಳಿಗೆ ವಾಹನ ಅಪಘಾತಗಳ ಚಲನಚಿತ್ರದ ತುಣುಕುಗಳನ್ನು ತೋರಿಸಿದರು. ಬಳಿಕ ಕಾರುಗಳ ವೇಗವೆಷ್ಟಿತ್ತೆಂದು ಕೇಳಿದರು. ಐದು ಗುಂಪುಗಳಿಗೂ ಪ್ರಶ್ನೆ ಒಂದೇ. ಕ್ರಿಯಾಪದ ಮಾತ್ರ ಬೇರೆ. ‘ಕಾರುಗಳು ಒಂದಕ್ಕೊಂದು ಅಪ್ಪಳಿಸಿದಾಗ’ ಎಂದು ಕೇಳಿದವರಿಂದ ಬಂದ ಸರಾಸರಿ ಉತ್ತರ ಗಂಟೆಗೆ ೪೦.೫ ಮೈಲಿ, ‘ಒಂದಕ್ಕೊಂದು ತಾಕಿದಾಗ’ ಎಂದು ಕೇಳಿದವರಿಂದ ಬಂದುದು ೩೧.೮ ಮೈಲಿ. ಎರಡನೆಯ ಪ್ರಯೋಗದಲ್ಲಿ ೧೫೦ ಮಂದಿ. ಅವರಲ್ಲಿ ೫೦ ಮಂದಿಗೆ ‘ಅಪ್ಪಳಿಸಿದಾಗ’ ಎಂದೂ, ೫೦ ಮಂದಿಗೆ ‘ಹೊಡೆದಾಗ’ ಎಂದೂ ವೇಗದ ಪ್ರಶ್ನೆ ಹಾಕಿ, ಉಳಿದ ೫೦ ಮಂದಿಯನ್ನು ವೇಗದ ವಿಚಾರವಾಗಿ ಕೇಳಲೇ ಇಲ್ಲ. ಒಂದು ವಾರದ ಮೇಲೆ ‘ಒಡೆದ ಗಾಜನ್ನು ನೋಡಿದಿರಾ?’ ಎಂದು ಎಲ್ಲರನ್ನೂ ಕೇಳಿದರು. ಚಿತ್ರದಲ್ಲಿ ಒಡೆದ ಗಾಜು ಇರಲೇ ಇಲ್ಲ. ಆದರೂ ಕ್ರಮವಾಗಿ ೧೬, ೭, ೬ ಮಂದಿ ‘ನೋಡಿದೆವು’ ಎಂದರು.

ಈಗ ಇದನ್ನು ಬಿಡಿಸಬೇಕು. ಪ್ರಯೋಗ ನಡೆಸಿದವರು ತಾವಾಗಿ ಬದಲಾಯಿಸಿದುದು ಯಾವುದು? ಕ್ರಿಯಾಪದ. ಅದು ಸ್ವತಂತ್ರ ಚರ. ಅದರ ಪರಿಣಾಮವಾಗಿ ಬದಲಾಯಿತೆಂದು ಅಳೆದುದು ಯಾವುದು? ಮೊದಲನೆಯದರಲ್ಲಿ ವೇಗದ ಅಂದಾಜು, ಎರಡನೆಯದರಲ್ಲಿ ಗಾಜಿನ ಉತ್ತರ. ಇವು ಅವಲಂಬಿತ ಚರಗಳು. ಅಳತೆಯ ದೃಷ್ಟಿಯಿಂದ ‘ನೆನಪು’ ಎಂಬುದಕ್ಕೆ ಅವರು ಕೊಟ್ಟ ವ್ಯಾಖ್ಯೆ ಏನು? ‘ಗಂಟೆಗೆ ಇಷ್ಟು ಮೈಲಿ’ ಎಂದು ಬರೆದ ಸಂಖ್ಯೆ. ನಿಯಂತ್ರಣದ ಗುಂಪು ಯಾವುದು? ವೇಗದ ಪ್ರಶ್ನೆಯನ್ನೇ ಕೇಳದ ೫೦ ಮಂದಿ. ಅವರು ಇಲ್ಲದಿದ್ದರೆ ಯಾವ ಪ್ರಶ್ನೆಯೂ ಇಲ್ಲದೆ ಎಷ್ಟು ಮಂದಿ ಇಲ್ಲದ ಗಾಜನ್ನು ಕಾಣುವರೆಂಬುದು ತಿಳಿಯುತ್ತಿರಲಿಲ್ಲ. ಫಲಿತಾಂಶ ಎಷ್ಟು ದೂರ ಅನ್ವಯಿಸುವುದು? ನೋಡಿದವರು ವಿಶ್ವವಿದ್ಯಾನಿಲಯದ ವಿದ್ಯಾರ್ಥಿಗಳು. ನೋಡಿದುದು ಚಿತ್ರ, ಕಣ್ಣೆದುರಿನ ಅಪಘಾತವಲ್ಲ. ಆದುದರಿಂದ ಬೀದಿಯಲ್ಲಿ ನಿಜವಾದ ಅಪಘಾತವನ್ನು ಕಂಡು ಬೆದರಿದ ಸಾಕ್ಷಿಗೆ ಇದು ಹಾಗೆಯೇ ಅನ್ವಯಿಸುವುದೆಂದು ಹೇಳಲು ಬೇರೆ ಆಧಾರ ಬೇಕು. ನೀತಿಯ ಪ್ರಶ್ನೆ ಏನು? ಭಾಗವಹಿಸಿದವರ ಒಪ್ಪಿಗೆ ಪಡೆಯುವುದು, ಅವರಿಗೆ ಹಾನಿಯಾಗದಂತೆ ನೋಡಿಕೊಳ್ಳುವುದು, ಮುಚ್ಚಿಟ್ಟ ಉದ್ದೇಶವನ್ನು ಕೊನೆಯಲ್ಲಿ ತಿಳಿಸುವುದು.

ಇದೇ ಆರೇಳು ಪ್ರಶ್ನೆಗಳನ್ನು ಯಾವ ಸಂಶೋಧನೆಯ ವರದಿಗೆ ಬೇಕಾದರೂ ಹಾಕಬಹುದು. ವಾರಕ್ಕೆ ಎರಡರಂತೆ ಬಿಡಿಸುತ್ತಾ ಹೋದರೆ ಪರೀಕ್ಷೆಯ ದಿನ ಹೊಸ ವರದಿಯನ್ನು ಕಂಡಾಗ ದಿಗಿಲಾಗುವುದಿಲ್ಲ. ಆ ಮೇಲಿನ ವಾದದ ಪ್ರಶ್ನೆಗೂ ಇದೇ ತಳಹದಿ. ಅಲ್ಲಿ ಮೊದಲು ಒಂದು ಖಚಿತವಾದ ಹೇಳಿಕೆ. ಬಳಿಕ ಯಾವ ಮೂಲದಿಂದ ತೆಗೆದುದೆಂದು ಹೇಳಿ ಒಂದು ಆಧಾರ. ಆ ಆಧಾರ ಹೇಳಿಕೆಯನ್ನು ಏಕೆ ಸಮರ್ಥಿಸುವುದೆಂದು ಮನಶ್ಶಾಸ್ತ್ರದ ಒಂದು ತತ್ತ್ವದಿಂದ ವಿವರಣೆ. ಹಾಗೆಯೇ ಇನ್ನೊಂದು ಮೂಲದಿಂದ ಇನ್ನೊಂದು ಆಧಾರ. ಆಧಾರವನ್ನು ಬರೆದು ವಿವರಣೆಯನ್ನು ಬಿಡುವುದು ಸಾಮಾನ್ಯವಾಗಿ ಕಾಣುವ ದೋಷ. ಜ್ಯಾಮಿತಿಯ ಸಾಧನೆಯಲ್ಲಿ ‘ಆದುದರಿಂದ’ ಎಂಬುದಕ್ಕೆ ಕಾರಣ ಬರೆಯದೆ ಹೋದಂತೆ ಅದು.

ಎಂಟು ವಾರಗಳ ಕ್ರಮ

ಮೇಲಿನ ತತ್ತ್ವಗಳನ್ನು ಕೂಡಿಸಿದರೆ ಸಿದ್ಧತೆಯ ಕ್ರಮ ತಾನಾಗಿಯೇ ರೂಪುಗೊಳ್ಳುವುದು. ಪರೀಕ್ಷೆಗೆ ಎಂಟು ವಾರಗಳಿವೆ ಎಂದಿಟ್ಟುಕೊಳ್ಳೋಣ. ಮೊದಲ ಐದು ವಾರಗಳಲ್ಲಿ ವಾರಕ್ಕೊಂದು ಭಾಗ. ಪ್ರತಿ ದಿನವೂ ಒಂದು ಪ್ರಕರಣವನ್ನು ಓದಿ, ಪುಸ್ತಕ ಮುಚ್ಚಿ, ಖಾಲಿ ಹಾಳೆಯ ಮೇಲೆ ನೆನಪಿದ್ದಷ್ಟನ್ನು ಬರೆಯಬೇಕು. ಆಮೇಲೆ ಪುಸ್ತಕ ತೆರೆದು ಬಿಟ್ಟುದನ್ನು ಬೇರೆ ಶಾಯಿಯಲ್ಲಿ ತುಂಬಬೇಕು. ಹೊಸ ಪದಗಳನ್ನು ಚೀಟಿಗಳ ಮೇಲೆ ಬರೆದಿಡಬಹುದು. ಒಂದು ಪಕ್ಕದಲ್ಲಿ ಪದ. ಮತ್ತೊಂದು ಪಕ್ಕದಲ್ಲಿ ಅರ್ಥವೂ ತನ್ನ ಜೀವನದಿಂದಲೇ ತೆಗೆದ ಒಂದು ಉದಾಹರಣೆಯೂ ಇರಲಿ. ಅರ್ಥವನ್ನು ಕುರಿತು ಆಲೋಚಿಸಿದ ಪದಗಳು, ಅಕ್ಷರದ ಆಕಾರವನ್ನಷ್ಟೇ ಗಮನಿಸಿದ ಪದಗಳಿಗಿಂತ ಬಹಳ ಹೆಚ್ಚಾಗಿ ನೆನಪಿರುವುವೆಂಬುದನ್ನು ಕ್ರೇಕ್ ಮತ್ತು ಟುಲ್ವಿಂಗ್ ೧೯೭೫ರಲ್ಲಿ ತೋರಿಸಿದ್ದಾರೆ.

ಬರಬರುತ್ತಾ ಹಳೆಯ ಚೀಟಿಗಳನ್ನು ಬಿಡಬಾರದು. ಬಂದ ಚೀಟಿ ಮೂರು ದಿನ, ಒಂದು ವಾರ, ಎರಡು ವಾರ ಎಂದು ದೂರ ಸರಿಯಲಿ; ಬಾರದ ಚೀಟಿ ಮರುದಿನವೇ ಮರಳಲಿ. ಆರನೆಯ ಮತ್ತು ಏಳನೆಯ ವಾರಗಳಲ್ಲಿ ಐದು ಭಾಗಗಳ ಪ್ರಶ್ನೆಗಳನ್ನೂ ಬೆರಸಿ, ಗಡಿಯಾರವನ್ನು ಎದುರಿಗಿಟ್ಟುಕೊಂಡು ಪೂರ್ಣ ಪ್ರಮಾಣದ ಪರೀಕ್ಷೆಗಳನ್ನು ಮಾಡಿಕೊಳ್ಳಬೇಕು. ತಪ್ಪಾದ ಪ್ರತಿಯೊಂದು ಉತ್ತರಕ್ಕೂ ಕಾರಣ ಹುಡುಕಬೇಕು: ಪದವೇ ತಿಳಿಯದೆಹೋಯಿತೆ, ಅವಳಿಯೊಂದಿಗೆ ಬೆರೆಯಿತೆ, ಪ್ರಶ್ನೆಯನ್ನು ಅವಸರದಲ್ಲಿ ಓದಿದುದೆ? ಈ ಮೂರಕ್ಕೂ ಮದ್ದು ಬೇರೆ ಬೇರೆ. ಎಂಟನೆಯ ವಾರ ಹೊಸದೇನೂ ಬೇಡ. ಬಾರದ ಚೀಟಿಗಳು ಮಾತ್ರ ಸಾಕು.

ನಿದ್ರೆಯ ವಿಚಾರ

ಕೊನೆಯ ರಾತ್ರಿ ನಿದ್ದೆಗೆಡುವವರಿಗೆ ಒಂದು ಹಳೆಯ ಪ್ರಯೋಗವನ್ನು ಹೇಳಬೇಕು. ೧೯೨೪ರಲ್ಲಿ ಕಾರ್ನೆಲ್ ವಿಶ್ವವಿದ್ಯಾನಿಲಯದ ಜೆಂಕಿನ್ಸ್ ಮತ್ತು ಡಾಲನ್‌ಬಾಕ್ ಇಬ್ಬರು ವಿದ್ಯಾರ್ಥಿಗಳಿಂದ ಹತ್ತು ಹತ್ತು ಅರ್ಥರಹಿತ ಅಕ್ಷರಗುಚ್ಛಗಳನ್ನು ಕಲಿಸಿ, ಎಂಟು ಗಂಟೆಗಳ ಮೇಲೆ ಪರೀಕ್ಷಿಸಿದರು. ಆ ಅವಧಿಯಲ್ಲಿ ಎಚ್ಚರವಿದ್ದಾಗ ಹತ್ತರಲ್ಲಿ ಸುಮಾರು ಒಂದು ಉಳಿಯಿತು. ನಿದ್ರೆ ಮಾಡಿದಾಗ ಐದಕ್ಕಿಂತ ಹೆಚ್ಚು ಉಳಿದುವು. ನಿದ್ರೆಯಲ್ಲಿ ಹೊಸ ಅನುಭವಗಳ ಅಡ್ಡಿಯಿಲ್ಲ. ಅದಲ್ಲದೆ ನಿದ್ರೆಯ ಹೊತ್ತಿನಲ್ಲಿ ಮಿದುಳು ನೆನಪುಗಳನ್ನು ಭದ್ರಪಡಿಸುವುದೆಂದು ಈಚಿನ ಸಂಶೋಧನೆಗಳಿಂದ ತಿಳಿದುಬಂದಿದೆ. ಆದುದರಿಂದ ನಿದ್ರೆಯನ್ನು ಓದಿನಿಂದ ಕದ್ದ ಕಾಲವೆಂದು ಎಣಿಸದೆ ಓದಿನ ಒಂದು ಭಾಗವೆಂದೇ ಎಣಿಸತಕ್ಕದ್ದು.

ನಮ್ಮ ನಾಡಿನಲ್ಲಿ

ಮನಶ್ಶಾಸ್ತ್ರ ನಮಗೆ ಹೊಸದಲ್ಲ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ೧೯೨೪ರಲ್ಲಿಯೇ ಈ ಶಾಸ್ತ್ರದ ವಿಭಾಗ ಪ್ರಾರಂಭವಾಯಿತು. ಅದನ್ನು ಕಟ್ಟಿದ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರೇ ೧೯೩೫ರಲ್ಲಿ ಮೈಸೂರಿನ ತಮ್ಮ ಮನೆಯಿಂದ ‘ಆಕಾಶವಾಣಿ’ ಎಂಬ ಹೆಸರಿನ ಬಾನುಲಿ ಕೇಂದ್ರವನ್ನು ಪ್ರಾರಂಭಿಸಿದವರು. ನಮ್ಮ ಪದವಿಪೂರ್ವ ತರಗತಿಗಳಲ್ಲಿಯೂ ಮನಶ್ಶಾಸ್ತ್ರವನ್ನು ಐಚ್ಛಿಕವಾಗಿ ಓದಬಹುದು. ಪ್ರಶ್ನಪತ್ರಿಕೆಯ ರೂಪ ಬೇರೆಯಾದರೂ ಎಬ್ಬಿಂಗ್‌ಹೌಸನ ವಕ್ರರೇಖೆ ಮಿಚಿಗನ್ನಿನ ವಿದ್ಯಾರ್ಥಿಗೂ ಮಂಡ್ಯದ ವಿದ್ಯಾರ್ಥಿಗೂ ಒಂದೇ. ಮೇಲೆ ಹೇಳಿದ ಕ್ರಮ ಮನಶ್ಶಾಸ್ತ್ರಕ್ಕಷ್ಟೇ ಅಲ್ಲದೆ ಭೌತವಿಜ್ಞಾನಕ್ಕೂ ಜೀವಶಾಸ್ತ್ರಕ್ಕೂ ಇತಿಹಾಸಕ್ಕೂ ಸಲ್ಲುವುದು.

ಒಟ್ಟಿನಲ್ಲಿ ಹೇಳುವುದಾದರೆ: ಓದುವಾಗ ಸಲೀಸಾಗಿ ತೋರಿದುದನ್ನು ಸಂಶಯದಿಂದ ನೋಡಬೇಕು, ಕಷ್ಟಪಟ್ಟು ನೆನಪಿಗೆ ತಂದುಕೊಂಡುದನ್ನು ನಂಬಬೇಕು. ತನ್ನ ಮನಸ್ಸಿನ ವಿಚಾರದಲ್ಲಿ ತನ್ನ ಅನಿಸಿಕೆಯೇ ಪ್ರಮಾಣವಲ್ಲ, ಅಳತೆ ಬೇಕು ಎಂಬುದೇ ಈ ಶಾಸ್ತ್ರ ಕಲಿಸುವ ಮೊದಲ ಪಾಠ. ಪರೀಕ್ಷೆಯ ಅಂಕಗಳು ಮರೆತುಹೋದ ಮೇಲೆಯೂ ಉಳಿಯಬೇಕಾದ ಪಾಠ ಅದು.

ಅಭ್ಯಾಸ

ಪುಟವನ್ನು ಮುಚ್ಚಿ ಈ ಪ್ರಶ್ನೆಗಳಿಗೆ ಉತ್ತರ ಬರೆಯಿರಿ. ನಾಳೆ ಒಂದು ಸಲ, ಒಂದು ವಾರದ ಮೇಲೆ ಇನ್ನೊಂದು ಸಲ ಹೀಗೆಯೇ ಮಾಡಿರಿ.

೧. ಮರೆವಿನ ವಕ್ರರೇಖೆ ವಿಕಿರಣಕ್ಷಯದ ವಕ್ರರೇಖೆಗಿಂತ ಯಾವ ರೀತಿಯಲ್ಲಿ ಭಿನ್ನವಾದುದು? ಒಂದು ಗಂಟೆಯ ಅಂಕಿಯಿಂದ ತೋರಿಸಿರಿ.
೨. ಐದು ನಿಮಿಷಗಳ ಮೇಲೆ ಗೆದ್ದವರು ಒಂದು ವಾರದ ಮೇಲೆ ಸೋತುದೇಕೆ?
೩. ಋಣಾತ್ಮಕ ಪುನರ್ಬಲನಕ್ಕೂ ಶಿಕ್ಷೆಗೂ ನಿಮ್ಮ ಮನೆಯ ವ್ಯವಹಾರದಿಂದ ಒಂದೊಂದು ಉದಾಹರಣೆ ಕೊಡಿರಿ.
೪. ಒಡೆದ ಗಾಜಿನ ಪ್ರಯೋಗದಲ್ಲಿ ನಿಯಂತ್ರಣದ ಗುಂಪು ಇಲ್ಲದಿದ್ದರೆ ಯಾವ ತೀರ್ಮಾನಕ್ಕೆ ಬರಲಾಗುತ್ತಿರಲಿಲ್ಲ?